ಥೈರಾಯ್ಡ್ ಇದೆ ಅಂತ ಗೊತ್ತಾಯ್ತು, ಮುಂದೆ ಮಕ್ಕಳಾಗುತ್ತಾ?

ಗುಬ್ಬಚ್ಚಿ

ನನಗೆ 23 ವರ್ಷ. ಕೆಲವು ತಿಂಗಳಿಂದ ಎಷ್ಟು ಮಲಗಿದರೂ ಸುಸ್ತು. ಬಾಚಣಿಗೆ ತುಂಬ ಕೂದಲು. ಮುಟ್ಟು ಶುರುವಾದರೆ ಹತ್ತು ದಿನ ಆದರೂ ನಿಲ್ಲುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ (ಥೈರಾಯ್ಡ್ ಅನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಜಾಸ್ತಿ, 11.8. ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನು) ಕಡಿಮೆ, ಆಂಟಿ ಟಿಪಿಓ (ಥೈರಾಯ್ಡ್ ವಿರುದ್ಧದ ಪ್ರತಿಕಾಯ) 400 ದಾಟಿದೆ. ಹಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆ ಅಂದರು. 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರು. "ಬಹುಶಃ ಜೀವನಪೂರ್ತಿ ತೆಗೆದುಕೊಳ್ಳಬೇಕು" ಅಂದರು, ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಕೇಳಬೇಕಾದ ಪ್ರಶ್ನೆ ಬಾಯಲ್ಲೇ ಉಳಿಯಿತು.

ಮದುವೆ ಈಗಲೇ ಇಲ್ಲ. ಮಗು ಇನ್ನೂ ನಾಲ್ಕೈದು ವರ್ಷ ಬೇಡ. ಆದರೆ ಅವತ್ತಿನಿಂದ ತಲೆಯಲ್ಲಿ ಒಂದೇ ಯೋಚನೆ. ಮುಂದೆ ನನಗೆ ಮಕ್ಕಳಾಗುತ್ತಾ? ವರ್ಷ ಕಳೆದಷ್ಟೂ ಕಷ್ಟ ಆಗುತ್ತಾ ಹೋಗುತ್ತಾ? "ಹಾಗಿದ್ರೆ ತಡ ಮಾಡ್ಬೇಡ, ಬೇಗ ಮದುವೆ ಆಗು" ಅಂತ ಒಬ್ಬರು. "ಅಯ್ಯೋ ಥೈರಾಯ್ಡಾ, ಪಾಪ" ಅಂತ ಇನ್ನೊಬ್ಬರು. ಆ ಪಾಪ ಅನ್ನೋದೇ ಜಾಸ್ತಿ ಚುಚ್ಚುತ್ತೆ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ.

ಶಾಂತಕ್ಕ

ಪುಟ್ಟಾ, ನನಗೆ ನಿನ್ನ ವಯಸ್ಸಿನಲ್ಲೇ ಬಂತು. ಈಗ ನಲವತ್ತು ದಾಟಿದೆ. ಇಬ್ಬರು ಮಕ್ಕಳು, ಇಬ್ಬರೂ ನನಗಿಂತ ಎತ್ತರ. ಮೊದಲು ಇಷ್ಟು ಕೇಳಿಸಿಕೊಂಡು ಸಮಾಧಾನ ಮಾಡಿಕೋ. ಉಳಿದದ್ದು ಆಮೇಲೆ ಬರೆಯುತ್ತೇನೆ, ಹೇಳೋದು ಬಹಳ ಇದೆ.

ನೀಲಿಪೆನ್ನು

ಗುಬ್ಬಚ್ಚಿ ಅವರೇ, ನಾನು ವೈದ್ಯೆ. ಆದರೆ ನಿಮ್ಮನ್ನು ನೋಡಿಲ್ಲ, ಕುತ್ತಿಗೆ ಮುಟ್ಟಿ ಪರೀಕ್ಷೆ ಮಾಡಿಲ್ಲ. ಹಾಗಾಗಿ ಇದನ್ನು ವಿವರಣೆ ಅಂತ ಓದಿಕೊಳ್ಳಿ, ಚಿಕಿತ್ಸೆ ನಿಮ್ಮ ವೈದ್ಯರದ್ದೇ.

"ಥೈರಾಯ್ಡ್ ಇದ್ದರೆ ಮಕ್ಕಳಾಗಲ್ಲ" ಅನ್ನೋ ಮಾತು ಅರ್ಧ ನಿಜ, ಅದಕ್ಕೇ ಅಷ್ಟು ಹೆದರಿಸುತ್ತೆ. ಹಾರ್ಮೋನು ಕಡಿಮೆ ಇದ್ದು ಮಾತ್ರೆ ತೆಗೆದುಕೊಳ್ಳದೆ ಬಿಟ್ಟರೆ ಗರ್ಭ ನಿಲ್ಲುವುದು ಕಷ್ಟ ಆಗಬಹುದು. ಹೇಗೆ ಅಂತ ಹೇಳ್ತೀನಿ. ಥೈರಾಯ್ಡ್ ಹಾರ್ಮೋನು ಸಾಲದು ಅಂತ ಗೊತ್ತಾದ ಕೂಡಲೇ ಮಿದುಳಿನ ಹೈಪೋಥಲಾಮಸ್ ಟಿಆರ್‌ಎಚ್ ಜಾಸ್ತಿ ಮಾಡುತ್ತೆ. ಅದು ಪಿಟ್ಯುಟರಿ ಗ್ರಂಥಿಯಿಂದ ಟಿಎಸ್‌ಎಚ್ ಹೊರಡಿಸುತ್ತೆ. ನಿಮ್ಮ ವರದಿಯ 11.8 ಅದೇ. ಆದರೆ ಟಿಆರ್‌ಎಚ್ ಅಷ್ಟಕ್ಕೇ ಸುಮ್ಮನಿರಲ್ಲ, ಜೊತೆಗೆ ಪ್ರೊಲ್ಯಾಕ್ಟಿನ್ ಕೂಡ ಏರಿಸುತ್ತೆ. ಅದು ಹಾಲೂಡಿಸುವ ತಾಯಂದಿರಲ್ಲಿ ಜಾಸ್ತಿ ಇರುವ ಹಾರ್ಮೋನು. ಅದು ಏರಿದರೆ ಅಂಡ ಬಿಡುಗಡೆ ಆಗುವುದು ತಪ್ಪುತ್ತೆ. ಅಂಡ ಬಿಡುಗಡೆ ಆಗದ ತಿಂಗಳು ಪ್ರೊಜೆಸ್ಟೆರಾನ್ ಇರಲ್ಲ. ಗರ್ಭಕೋಶದ ಒಳಪದರ ಬೆಳೆದು ಬೆಳೆದು ಕೊನೆಗೆ ಎಲ್ಲೆಲ್ಲೋ ಕಳಚಿಕೊಂಡು ಸ್ರಾವ ನಿಲ್ಲದೆ ಹೋಗುತ್ತೆ. ನಿಮ್ಮ ಉದ್ದದ ಮುಟ್ಟಿಗೆ ಇದು ಕಾರಣ ಇರಬಹುದು.

ಈ ಸರಪಳಿಯಲ್ಲಿ ಅಂಡಗಳಿಗೆ ಏನೂ ಆಗಿಲ್ಲ ಅನ್ನೋದನ್ನು ನೋಡಿ. ಅವು ಅಲ್ಲೇ ಇವೆ. ಹೊರಬರುವ ಸೂಚನೆ ಸಿಗುತ್ತಿಲ್ಲ ಅಷ್ಟೇ. ಮಾತ್ರೆಯಿಂದ ಟಿಎಸ್‌ಎಚ್ ಸರಿಹೋದರೆ ಪ್ರೊಲ್ಯಾಕ್ಟಿನ್ ಇಳಿಯುತ್ತೆ, ಮುಟ್ಟೂ ಸಾಮಾನ್ಯವಾಗಿ ಹದಕ್ಕೆ ಬರುತ್ತೆ. ನಾಲ್ಕೈದು ವರ್ಷ ಕಾದರೆ ಥೈರಾಯ್ಡ್ ಕಾರಣಕ್ಕೆ ಬಾಗಿಲು ಮುಚ್ಚಿಹೋಗುತ್ತೆ ಅನ್ನೋದು ಸುಳ್ಳು. ವಯಸ್ಸು ಎಲ್ಲ ಹೆಂಗಸರಿಗೂ ಲೆಕ್ಕಕ್ಕೆ ಬರುತ್ತೆ, ನಿಮಗೂ ಅಷ್ಟೇ ಬರುತ್ತೆ. 23ಕ್ಕೆ ಅದರ ಚಿಂತೆ ಬೇಡ.

ಒಂದು ಮಾತು, ಯಾರೂ ಹೇಳದೆ ಬಿಡೋದು. ಟಿಎಸ್‌ಎಚ್ ಜಾಸ್ತಿ ಇದ್ದ ಮಾತ್ರಕ್ಕೆ ಗರ್ಭ ನಿಲ್ಲೋದೇ ಇಲ್ಲ ಅಂತ ನಂಬಿ ಯಾರೂ ಎಚ್ಚರಿಕೆ ಬಿಡಬೇಡಿ. ಥೈರಾಯ್ಡ್ ಸಮಸ್ಯೆ ಗರ್ಭನಿರೋಧಕ ಅಲ್ಲ.

ಗುಬ್ಬಚ್ಚಿ

ಡಾಕ್ಟರ್, ತುಂಬಾ ಥ್ಯಾಂಕ್ಸ್. ಪ್ರೊಲ್ಯಾಕ್ಟಿನ್ ವಿಷಯ ಮೊದಲ ಸಲ ಕೇಳಿದ್ದು. ಇನ್ನೆರಡು ಪ್ರಶ್ನೆ. ಹಶಿಮೊಟೊದಲ್ಲಿ ನಮ್ಮ ದೇಹವೇ ನಮ್ಮ ಗ್ರಂಥಿ ಮೇಲೆ ಬೀಳುತ್ತಂತೆ. ಹಾಗೆ ಅಂಡಾಶಯದ ಮೇಲೂ ಬೀಳುತ್ತಾ? ಮತ್ತೆ ಸ್ಕ್ಯಾನ್ ಮಾಡಿದಾಗ ಅಂಡಾಶಯ ಸ್ವಲ್ಪ ದಪ್ಪ ಇದೆ, ಗುಳ್ಳೆ ಇದೆ, ಪಿಸಿಓಡಿ ಇರಬಹುದು ಅಂದರು. ಎರಡೂ ಇದ್ದರೆ ಕಥೆ ಮುಗೀತಾ?

ನೀಲಿಪೆನ್ನು

ಮೊದಲು ಎರಡನೆಯದು. ಟಿಎಸ್‌ಎಚ್ ಬಹಳ ಏರಿದವರಲ್ಲಿ ಅಂಡಾಶಯ ಊದಿಕೊಂಡು ಗುಳ್ಳೆ ಗುಳ್ಳೆ ಕಾಣುವುದು ಉಂಟು. ಮಾತ್ರೆ ಶುರುವಾದ ಮೇಲೆ ಅದು ಕುಗ್ಗಲೂಬಹುದು. ಅದಕ್ಕೇ ಪಿಸಿಓಎಸ್ (ನೀವು ಹೇಳಿದ ಪಿಸಿಓಡಿಯೇ) ಅಂತ ಹಣೆಪಟ್ಟಿ ಹಚ್ಚುವ ಮೊದಲು ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ನೋಡಬೇಕು ಅನ್ನೋದು ನಿಯಮ. ಥೈರಾಯ್ಡ್ ಹದಕ್ಕೆ ಬಂದು ಕೆಲವು ತಿಂಗಳಾದ ಮೇಲೂ ಮುಟ್ಟು ಏರುಪೇರಾಗಿದ್ದರೆ, ಮುಖದ ಮೇಲೆ ಕೂದಲು, ಮೊಡವೆ ಜಾಸ್ತಿ ಇದ್ದರೆ ಆಗ ಪಿಸಿಓಎಸ್ ಬಗ್ಗೆ ಮತ್ತೆ ಯೋಚನೆ ಮಾಡೋಣ. ಎರಡೂ ಒಟ್ಟಿಗೆ ಇರುವವರು ಬಹಳ ಜನ. ಅವರಿಗೂ ಮಕ್ಕಳಾಗುತ್ತವೆ.

ಈಗ ಮೊದಲನೆಯದು. ಟಿಪಿಓ ಅಂದರೆ ಥೈರಾಯ್ಡ್ ಒಳಗಿನ ಒಂದು ಎಂಜೈಮ್. ನಿಮ್ಮ ವರದಿಯ ಆಂಟಿ ಟಿಪಿಓ ಪ್ರತಿಕಾಯದ ಗುರಿ ಅದೇ. ಹಶಿಮೊಟೊ ಇರುವವರಲ್ಲಿ ಬೇರೆ ಸ್ವಯಂನಿರೋಧಕ ಕಾಯಿಲೆಗಳು ಸ್ವಲ್ಪ ಜಾಸ್ತಿ ಕಾಣುತ್ತವೆ. ಅಪರೂಪಕ್ಕೆ ಅಂಡಾಶಯದ ಕೆಲಸ ವಯಸ್ಸಿಗೆ ಮುಂಚೆ ಕುಂದುವುದೂ ಅದರಲ್ಲಿ ಒಂದು. ಹಾಗಾಗಿ ಥೈರಾಯ್ಡ್ ಸರಿ ಇದ್ದರೂ ಮೂರು ನಾಲ್ಕು ತಿಂಗಳು ಮುಟ್ಟೇ ಬರದಿದ್ದರೆ ಸುಮ್ಮನೆ ಕೂರಬೇಡಿ, ಹೋಗಿ ತೋರಿಸಿ. ಉಳಿದ ದಿನ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಹಸಿರೆಲೆ

ಎಲ್ಲರೂ ಮಾತ್ರೆ ಮಾತ್ರೆ ಅಂತಿದ್ದೀರಿ. ಒಮ್ಮೆ ಶುರು ಮಾಡಿದರೆ ಬಿಡೋಕೆ ಆಗಲ್ಲ, ದೇಹಕ್ಕೆ ಅದೇ ಚಟ ಆಗುತ್ತೆ. 23 ವರ್ಷದ ಹುಡುಗಿಗೆ ಜೀವನಪೂರ್ತಿ ರಾಸಾಯನಿಕ ಕೊಡೋದು ಎಷ್ಟು ಸರಿ? ನನ್ನ ಗೆಳತಿಗೆ ಟಿಎಸ್‌ಎಚ್ 6 ಇತ್ತು. ಪಥ್ಯ, ವ್ಯಾಯಾಮ ಮಾಡಿ, ಎಲೆಕೋಸು ಹೂಕೋಸು ಬಿಟ್ಟು ಸರಿ ಮಾಡಿಕೊಂಡಳು. ಮೊದಲು ಅದನ್ನು ಪ್ರಯತ್ನಿಸಿ ನೋಡಿ.

ಔಷಧಿಪೆಟ್ಟಿಗೆ

ಹಸಿರೆಲೆ ಅವರೇ, ನಿಮ್ಮ ಗೆಳತಿಗೆ ವಾಸಿಯಾಗಿದ್ದು ಸಂತೋಷ. ಆದರೆ 6ಕ್ಕೂ 11.8ಕ್ಕೂ ಬಹಳ ಅಂತರ. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿ, ಟಿ4 ಸರಿ ಇದ್ದರೆ, ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ ಎಷ್ಟೋ ಜನರಿಗೆ ತಾನಾಗಿಯೇ ಇಳಿದಿರುತ್ತೆ. ಆ ಯಶಸ್ಸು ಹೂಕೋಸಿನ ಖಾತೆಗೆ ಹೋಗುತ್ತೆ. ಬೇಯಿಸಿದ ಕೋಸು ಊಟಕ್ಕೆ ತಿನ್ನುವಷ್ಟು ತಿಂದರೆ ಥೈರಾಯ್ಡ್‌ಗೆ ಏನೂ ಆಗಲ್ಲ.

ಗುಬ್ಬಚ್ಚಿಗೆ ಟಿ4 ಕೂಡ ಕಡಿಮೆ ಇದೆ. ಅದು ಗಡಿಯ ಮೇಲಿನ ವಿಷಯ ಅಲ್ಲ. ಚಟದ ಮಾತಿಗೆ ಬಂದರೆ, ಆ ಮಾತ್ರೆಯಲ್ಲಿ ಇರುವುದು ನಮ್ಮ ಗ್ರಂಥಿಯೇ ತಯಾರಿಸುವ ಟಿ4. ಕನ್ನಡಕ ಹಾಕಿದರೆ ಕಣ್ಣಿಗೆ ಚಟ ಆಗುತ್ತಾ? ಬಿಟ್ಟರೆ ಮತ್ತೆ ಏರುವುದು ಗ್ರಂಥಿಗೆ ಶಕ್ತಿ ಇಲ್ಲದ್ದಕ್ಕೆ.

ಇದು ನಿನ್ನೆ ಮೊನ್ನೆಯ ಔಷಧಿಯೂ ಅಲ್ಲ. 1891ರಲ್ಲಿ ಜಾರ್ಜ್ ಮರ್ರೆ ಎಂಬ ಇಂಗ್ಲೆಂಡಿನ ವೈದ್ಯ ಕುರಿಯ ಥೈರಾಯ್ಡ್‌ನಿಂದ ತೆಗೆದ ಸಾರವನ್ನು 46 ವರ್ಷದ ಹೆಂಗಸಿಗೆ ಚುಚ್ಚಿ ಕೊಟ್ಟರು. ಆಕೆ ಅದರ ಮೇಲೇ 74ರವರೆಗೆ ಬದುಕಿದ್ದರು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು. ಬಸುರಿಯರಿಗೂ ಹಾಲೂಡಿಸುವವರಿಗೂ ಕೊಡುವ ಮಾತ್ರೆ ಇದು. ನಿಜ ಹೇಳಬೇಕೆಂದರೆ ಬಸುರಿಯರು ಬಿಡಲೇಬಾರದ ಮಾತ್ರೆ.

ಗುಬ್ಬಚ್ಚಿ, ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಕೇಳ್ತೀನಿ. ಮಾತ್ರೆ ಹೇಗೆ ತೆಗೆದುಕೊಳ್ತಿದ್ದೀರಿ? ಬೇರೆ ಏನಾದರೂ ಜೊತೆಗೆ ಇದೆಯಾ?

ಗುಬ್ಬಚ್ಚಿ

ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಜೊತೆ ನುಂಗಿಬಿಡ್ತೀನಿ. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆಯೂ ಕೊಟ್ಟಿದ್ದಾರೆ, ಅದನ್ನೂ ಆಗಲೇ. ಮರೆಯಬಾರದು ಅಂತ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೀನಿ. ಹೋದ ವಾರ ಎರಡನೇ ಪರೀಕ್ಷೆ ಆಯ್ತು, ಟಿಎಸ್‌ಎಚ್ 9.6. ಎರಡು ತಿಂಗಳಿಗೆ ಇಷ್ಟೇನಾ ಇಳಿಯೋದು ಅಂತ ಬೇಜಾರಾಗಿತ್ತು.

ಔಷಧಿಪೆಟ್ಟಿಗೆ

ಅದೇ ಅನುಮಾನ ಇತ್ತು ನನಗೆ. ಕಬ್ಬಿಣ ಹೊಟ್ಟೆಯಲ್ಲೇ ಥೈರಾಕ್ಸಿನ್ ಅನ್ನು ಹಿಡಿದುಕೊಂಡುಬಿಡುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ. ಕ್ಯಾಲ್ಸಿಯಂ ಕೂಡ ಹಾಗೇ. ಕಾಫಿಯೂ ಹೀರಿಕೆ ತಗ್ಗಿಸುತ್ತೆ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ಟೀ, ತಿಂಡಿ ಏನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಏನಿದ್ದರೂ ನಾಲ್ಕು ಗಂಟೆ ದೂರ ಇರಲಿ. ಮಧ್ಯಾಹ್ನ ಊಟದ ನಂತರವೋ ರಾತ್ರಿಯೋ ಇಟ್ಟುಕೊಳ್ಳಿ. ಬೆಳಿಗ್ಗೆ ಹೊಂದಿಸಿಕೊಳ್ಳೋಕೆ ಆಗದವರು ಥೈರಾಕ್ಸಿನ್ ಅನ್ನೇ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು, ಊಟ ಆಗಿ ಮೂರು ಗಂಟೆ ಕಳೆದಿದ್ದರೆ. ನಿಮ್ಮ ವೈದ್ಯರಿಗೆ ಇದನ್ನು ತಪ್ಪದೆ ಹೇಳಿ. ಹೇಳದಿದ್ದರೆ 9.6 ನೋಡಿ ಡೋಸ್ ಏರಿಸಿಬಿಡುತ್ತಾರೆ, ಆಮೇಲೆ ನೀವು ಕಬ್ಬಿಣ ನಿಲ್ಲಿಸಿದ ತಿಂಗಳು ಎದೆ ಡವಡವ ಅನ್ನುತ್ತೆ.

ಡಬ್ಬಿ ಬೇರೆ ಮಾಡಿ, ಇವತ್ತೇ.

ಲ್ಯಾಬ್‌ರಾಯ

ಔಷಧಿಪೆಟ್ಟಿಗೆ ಹೇಳಿದ್ದಕ್ಕೆ ನನ್ನದೂ ಎರಡು ಮಾತು, ಪರೀಕ್ಷೆ ಮಾಡುವ ಕಡೆಯಿಂದ.

ಡೋಸ್ ಬದಲಾದ ಎರಡೇ ವಾರಕ್ಕೆ ಓಡಿ ಬರುವವರನ್ನು ದಿನಾ ನೋಡ್ತೀನಿ. ಟಿ4 ದೇಹದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 7 ದಿನ ಬೇಕು. ಹೊಸ ಮಟ್ಟಕ್ಕೆ ನೆಲೆ ನಿಲ್ಲೋಕೆ 6 ವಾರ. ಅದಕ್ಕೆ ಮುಂಚೆ ಬಂದ ಸಂಖ್ಯೆ ದಾರಿ ಮಧ್ಯದ್ದು, ಅದನ್ನು ನೋಡಿ ಅಳಬೇಡಿ, ಕುಣಿಯಲೂ ಬೇಡಿ.

ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತೆ. ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನ ಕಡಿಮೆ. ಒಮ್ಮೆ ಬೆಳಿಗ್ಗೆ 8ಕ್ಕೆ, ಇನ್ನೊಮ್ಮೆ ಸಂಜೆ ಕೊಟ್ಟು ಹೋಲಿಸಿದರೆ ಏನೂ ಅರ್ಥ ಆಗಲ್ಲ. ಒಂದೇ ಹೊತ್ತಿಗೆ, ಆಗಿದ್ದರೆ ಒಂದೇ ಲ್ಯಾಬಿನಲ್ಲಿ ಕೊಡಿ. ರಕ್ತ ಕೊಟ್ಟ ಮೇಲೆ ಅವತ್ತಿನ ಮಾತ್ರೆ ನುಂಗಿ.

ಮತ್ತೆ ಬಯೋಟಿನ್. ಕೂದಲಿಗೆ ಅಂತ ಹುಡುಗಿಯರು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಅದು ಮಣಗಟ್ಟಲೆ ಇರುತ್ತೆ. ಅದು ಥೈರಾಯ್ಡ್‌ಗೆ ಏನೂ ಮಾಡಲ್ಲ, ನಮ್ಮ ಯಂತ್ರವನ್ನು ಮೋಸ ಮಾಡುತ್ತೆ. ಕೆಲವು ವಿಧಾನಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಬರುವಾಗ ನಮಗೂ ಹೇಳಿ.

ಟಿಪಿಓ ಪ್ರತಿಕಾಯದ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಡಿ. ಒಮ್ಮೆ ಇದೆ ಅಂತ ಗೊತ್ತಾದರೆ ಸಾಕು. ಅದು 400 ಆದರೇನು 600 ಆದರೇನು, ಡೋಸ್ ನಿಲ್ಲುವುದು ಟಿಎಸ್‌ಎಚ್ ಮೇಲೆ. ನಮ್ಮ ವ್ಯಾಪಾರಕ್ಕೆ ವಿರುದ್ಧದ ಮಾತು, ಇರಲಿ.

ಚಿಟ್ಟೆ

ಇಲ್ಲಿ ಎಲ್ಲರೂ ಕಡಿಮೆ ಇರುವವರೇ ಅನ್ನಿಸುತ್ತೆ. ನನ್ನದು ಉಲ್ಟಾ, ಥೈರಾಯ್ಡ್ ಹಾರ್ಮೋನು ಅತಿಯಾಗುವ ಕಾಯಿಲೆ. ಗ್ರೇವ್ಸ್. 26 ವರ್ಷ. ಕೈ ನಡುಗುತ್ತಿತ್ತು, ಸುಮ್ನೆ ಕೂತಿದ್ದರೂ ನಾಡಿ 120. ಮುಟ್ಟು ಒಂದೂವರೆ ದಿನ ಬಂದು ಮಾಯ. ಹಾರ್ಮೋನು ಇಳಿಸೋಕೆ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ತಿದ್ದೀನಿ. ನಾವು ಮುಂದಿನ ವರ್ಷ ಮಗು ಬೇಕು ಅಂದುಕೊಂಡಿದ್ವಿ. ವೈದ್ಯರು "ಹೇಳದೆ ಕೇಳದೆ ಬಸುರಾಗಬೇಡಿ" ಅಂತ ಖಡಕ್ಕಾಗಿ ಹೇಳಿದ್ದಾರೆ. ಯಾಕೆ ಅಷ್ಟು ಕಟ್ಟುನಿಟ್ಟು?

ನೀಲಿಪೆನ್ನು

ಚಿಟ್ಟೆ ಅವರೇ, ನಿಮ್ಮ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಈ ಕಾಯಿಲೆಯಲ್ಲಿ ಮಗು ಆಗೋದಕ್ಕಿಂತ ಯಾವಾಗ ಆಗಬೇಕು ಅನ್ನೋದೇ ದೊಡ್ಡ ವಿಷಯ.

ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಅನ್ನು ಬಸುರಿನ ಮೊದಲ ವಾರಗಳಲ್ಲಿ, ಅದರಲ್ಲೂ 6ರಿಂದ 10ನೇ ವಾರದೊಳಗೆ ತೆಗೆದುಕೊಂಡರೆ ಮಗುವಿನ ಅಂಗರಚನೆಯಲ್ಲಿ ದೋಷ ಬರುವ ಸಾಧ್ಯತೆ ಏರುತ್ತೆ. ಆ ಹೊತ್ತಿಗೆ ಎಷ್ಟೋ ಜನರಿಗೆ ಬಸುರು ಅಂತ ಆಗಷ್ಟೇ ಗೊತ್ತಾಗಿರುತ್ತೆ. ಅದಕ್ಕೇ ಮೊದಲೇ ಯೋಜನೆ ಬೇಕು. ಕೆಲವರಿಗೆ ಮುಂಚಿತವಾಗಿ ಪಿಟಿಯು ಎಂಬ ಮಾತ್ರೆಗೆ ಬದಲಿಸುತ್ತಾರೆ. ಅದರ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತಲ್ಲ. ಅಪರೂಪಕ್ಕೆ ಲಿವರ್‌ಗೆ ಜೋರು ಪೆಟ್ಟು ಕೊಡುತ್ತೆ. ಕಾಯಿಲೆ ಶಾಂತವಾಗಿ, ಕಡಿಮೆ ಡೋಸ್‌ನಲ್ಲೇ ಹದವಾಗಿದ್ದರೆ ಕೆಲವರಿಗೆ ಮಾತ್ರೆ ನಿಲ್ಲಿಸಿ ಕಣ್ಣಿಟ್ಟು ನೋಡುವುದೂ ಉಂಟು. ಇದನ್ನು ನೀವೇ ನಿರ್ಧರಿಸುವ ಹಾಗಿಲ್ಲ. ಮುಟ್ಟು ತಪ್ಪಿದ ದಿನವೇ ಪರೀಕ್ಷೆ, ಅವತ್ತೇ ಫೋನ್.

ಇನ್ನೂ ಎರಡು ದಾರಿ ಇವೆ, ವಿಕಿರಣ ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ. ಅಯೋಡಿನ್ ತೆಗೆದುಕೊಂಡರೆ ಕನಿಷ್ಠ 6 ತಿಂಗಳು ಬಸುರಾಗಬಾರದು, ಟಿಎಸ್‌ಎಚ್ ಕೂಡ ನೆಲೆ ನಿಂತಿರಬೇಕು. ಅದರಿಂದ ಬಂಜೆತನ ಬರುತ್ತೆ ಅನ್ನೋ ಹೆದರಿಕೆ ಬೇಡ. ಗ್ರಂಥಿ ಹೋದ ಮೇಲೂ ಗ್ರೇವ್ಸ್ ಪ್ರತಿಕಾಯ ರಕ್ತದಲ್ಲಿ ಉಳಿದಿರಬಹುದು, ಅದು ಮಾಸು ದಾಟಿ ಮಗುವಿನ ಥೈರಾಯ್ಡ್ ಅನ್ನು ಕೆರಳಿಸಬಹುದು. ಹಾಗಾಗಿ ಬಸುರಿನಲ್ಲಿ ಆ ಪ್ರತಿಕಾಯವನ್ನು ನೋಡುವ ಟಿಆರ್‌ಎಬಿ ಪರೀಕ್ಷೆ ಮಾಡಿಸುತ್ತಾರೆ. "ನನಗೆ ಗ್ರೇವ್ಸ್ ಇತ್ತು, ಈಗಿಲ್ಲ" ಅನ್ನುವವರೂ ಹೆರಿಗೆ ವೈದ್ಯರಿಗೆ ಇದನ್ನು ಹೇಳಲೇಬೇಕು.

ಕಾರ್ಬಿಮಜೋಲ್ ಇರುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ. ಬಿಳಿ ರಕ್ತಕಣ ಕುಸಿಯುವುದು ಅಪರೂಪ, ಆದರೆ ಬಂದರೆ ಕಾಯಲ್ಲ.

ಮುಸ್ಸಂಜೆ

ಬರೆಯಲೋ ಬೇಡವೋ ಅಂತ ಯೋಚಿಸಿ ಬರೀತಿದ್ದೀನಿ. ನನಗೆ ಎರಡು ಸಲ ಹೋಯಿತು. ಎರಡೂ ಮೂರು ತಿಂಗಳು ತುಂಬುವ ಮುಂಚೆ. ಆಮೇಲೆ ನೋಡಿದರೆ ಟಿಎಸ್‌ಎಚ್ ಸರಿ ಇದೆ, ಟಿಪಿಓ ಪ್ರತಿಕಾಯ ಮಾತ್ರ ಇದೆ. ಮೊದಲೇ ಮಾತ್ರೆ ತೆಗೆದುಕೊಂಡಿದ್ದರೆ ಉಳಿಯುತ್ತಿತ್ತಾ ಅಂತ ರಾತ್ರಿ ಹಗಲು ಅದೇ. ಡಾಕ್ಟರ್ ನೇರವಾಗಿ ಹೇಳಿ.

ನೀಲಿಪೆನ್ನು

ಮುಸ್ಸಂಜೆ, ನೇರವಾಗಿಯೇ ಹೇಳ್ತೀನಿ. ಉಳಿಯುತ್ತಿತ್ತು ಅನ್ನೋಕೆ ಯಾವ ಆಧಾರವೂ ಇಲ್ಲ.

ಟಿಪಿಓ ಇರುವವರಲ್ಲಿ ಗರ್ಭಪಾತ ಸ್ವಲ್ಪ ಜಾಸ್ತಿ ಕಂಡಿರುವುದು ನಿಜ. ಹಾಗಾದರೆ ಥೈರಾಕ್ಸಿನ್ ಕೊಟ್ಟರೆ ತಡೆಯಬಹುದಾ ಅನ್ನೋ ಪ್ರಶ್ನೆಗೇ ಬ್ರಿಟನ್ನಿನಲ್ಲಿ ಟ್ಯಾಬ್ಲೆಟ್ ಅನ್ನೋ ಹೆಸರಿನ ದೊಡ್ಡ ಅಧ್ಯಯನ ನಡೆಯಿತು. 2019ರಲ್ಲಿ ಫಲಿತಾಂಶ ಬಂತು. ಟಿಪಿಓ ಇದ್ದು ಥೈರಾಯ್ಡ್ ಮಟ್ಟ ಸರಿ ಇದ್ದ, ಮೊದಲು ಗರ್ಭಪಾತ ಆಗಿದ್ದ ಅಥವಾ ಮಗು ನಿಲ್ಲಲು ಕಷ್ಟ ಪಟ್ಟಿದ್ದ 952 ಹೆಂಗಸರು. ಅರ್ಧ ಜನಕ್ಕೆ ಬಸುರಾಗುವ ಮುಂಚಿನಿಂದಲೇ 50 ಮೈಕ್ರೋಗ್ರಾಂ ಥೈರಾಕ್ಸಿನ್, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ. ಮಾತ್ರೆ ತೆಗೆದುಕೊಂಡವರಲ್ಲಿ ಮಗು ಕೈಗೆ ಬಂದದ್ದು ನೂರಕ್ಕೆ 37.4, ಹುಸಿ ಮಾತ್ರೆಯವರಲ್ಲಿ 37.9. ವ್ಯತ್ಯಾಸವೇ ಇಲ್ಲ. ಅಂದರೆ ನೀವು ಆಗ ಮಾತ್ರೆ ತೆಗೆದುಕೊಂಡಿದ್ದರೂ ಇದೇ ಆಗುತ್ತಿತ್ತು ಅನ್ನೋ ಕಡೆಗೇ ತಕ್ಕಡಿ ವಾಲುತ್ತೆ. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಬಹಳಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ಏರುಪೇರೇ ಕಾರಣ, ಅದು ಯಾರ ಕೈಯಲ್ಲೂ ಇಲ್ಲ. ಎರಡು ಸಲ ಆಗಿರುವುದರಿಂದ ಬೇರೆ ಕಾರಣಗಳ ಪರೀಕ್ಷೆ ಮಾಡಿಸಿ, ಅದು ನಿಮ್ಮ ಹಕ್ಕು. ಮುಂದೆ ಬಸುರಾದಾಗ ಟಿಎಸ್‌ಎಚ್ ನಾಲ್ಕು ವಾರಕ್ಕೊಮ್ಮೆ ನೋಡಿಸಿ. ಟಿಪಿಓ ಇರುವವರಲ್ಲಿ ಬಸುರಿನ ಹೊರೆಗೆ ಗ್ರಂಥಿ ಸೋಲಬಹುದು, ಸೋತರೆ ಆಗ ಮಾತ್ರೆ ಖಂಡಿತ ಬೇಕು.

ಮುಸ್ಸಂಜೆ

37.4, 37.9. ಇವೆರಡನ್ನು ಬರೆದಿಟ್ಟುಕೊಂಡೆ.

ಶಾಂತಕ್ಕ

ಮುಸ್ಸಂಜೆ, ಎರಡು ಸಲ ಕಳೆದುಕೊಂಡು ಹೀಗೆ ಬರೆಯೋಕೆ ಎದೆ ಬೇಕಮ್ಮಾ.

ಗುಬ್ಬಚ್ಚಿ, ನಾನು ಬಾಕಿ ಇಟ್ಟಿದ್ದ ಮಾತು. ಜನ "ಬಸುರು ನಿಲ್ಲುತ್ತಾ" ಅಂತ ಹೆದರುತ್ತಾರೆ, ನಿಂತ ಮೇಲಿನ ಮೊದಲ ವಾರಗಳನ್ನು ಮರೆತುಬಿಡುತ್ತಾರೆ. ನಿಜವಾಗಿ ಕಾವಲು ಬೇಕಾಗಿರುವುದು ಅಲ್ಲಿ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಮೊದಲ ಮೂರು ತಿಂಗಳು ಕೆಲಸಕ್ಕೇ ಬರಲ್ಲ. ಮಿದುಳು ಬೆಳೆಯೋಕೆ ತಾಯಿಯ ಹಾರ್ಮೋನೇ ಗತಿ. ಅದಕ್ಕೆ ತಾಯಿಗೆ ಡೋಸ್ ಜಾಸ್ತಿ ಬೇಕಾಗುತ್ತೆ, ಅದೂ ತಕ್ಷಣ. ಮೊದಲ ಸ್ಕ್ಯಾನ್‌ವರೆಗೆ ಕಾದರೆ ತಡ ಆಯ್ತು.

ನನ್ನ ವೈದ್ಯರು ಒಂದು ಚೀಟಿ ಬರೆದುಕೊಟ್ಟಿದ್ದರು. ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೆ. "ಎರಡು ಗೆರೆ ಕಂಡ ದಿನ: ವಾರಕ್ಕೆ 7 ಮಾತ್ರೆ ಇದ್ದದ್ದು 9. ಆಮೇಲೆ ಫೋನ್ ಮಾಡಿ." ಅಷ್ಟೇ ಇದ್ದದ್ದು. ಭಾನುವಾರ ಗೊತ್ತಾಯ್ತು, ಆಸ್ಪತ್ರೆ ರಜ. ಚೀಟಿ ನೋಡಿ ಅವತ್ತೇ ಒಂದು ಜಾಸ್ತಿ ನುಂಗಿದೆ, ಇನ್ನೊಂದು ವಾರದ ಮಧ್ಯೆ. ಅರ್ಧ ಬಸುರು ದಾಟುವವರೆಗೆ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಟ್ಟೆ. ಹೆರಿಗೆ ಆದ ಮೇಲೆ ಹಳೇ ಡೋಸ್‌ಗೆ ವಾಪಸ್. ಆ ಚೀಟಿ ನಿನ್ನ ವೈದ್ಯರಿಂದಲೂ ಬರೆಸಿಕೋ, ಕಾಲ ಬಂದಾಗ. ಎಲ್ಲರ ಲೆಕ್ಕ ಒಂದೇ ಇರಲ್ಲ, ಹಾಗಾಗಿ ನನ್ನ ಚೀಟಿ ನಕಲು ಮಾಡಬೇಡ.

ಔಷಧಿಪೆಟ್ಟಿಗೆ

ಶಾಂತಕ್ಕ, ಇದಕ್ಕೆ ಒಂದು ಸೇರಿಸ್ತೀನಿ. ಬಸುರಿಯರಿಗೆ ಕೊಡುವ ವಿಟಮಿನ್ ಮಾತ್ರೆಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಇರುತ್ತವೆ. ಅಲ್ಲೂ ಅದೇ ನಾಲ್ಕು ಗಂಟೆ.

ದಾರಿಹೋಕ

ಗಂಡಸರು ಇಲ್ಲಿ ಕೇಳಬಹುದಾ? ನಾನು ಮದುವೆ ಆಗುವ ಹುಡುಗಿ ಮೊನ್ನೆ ತನಗೆ ಹೈಪೋಥೈರಾಯ್ಡ್ ಇದೆ, ಮಾತ್ರೆ ತೆಗೆದುಕೊಳ್ತೀನಿ ಅಂದಳು. ಹೇಳುವಾಗ ಅವಳ ದನಿ ನಡುಗುತ್ತಿತ್ತು. ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ನಾನೇನಾದರೂ ತಪ್ಪು ತಿಳಿದುಕೊಂಡಿದ್ದೀನಾ?

ಶಾಂತಕ್ಕ

ಇಲ್ಲಪ್ಪಾ, ಸರಿಯಾಗೇ ತಿಳಿದುಕೊಂಡಿದ್ದೀಯ. ಅವಳಿಗೆ ಅದನ್ನೇ ಹೇಳು. ಬೆಳಿಗ್ಗೆ ಅವಳು ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕಾಫಿಗೆ ಕರೆಯಬೇಡ.

ನೀಲಿಪೆನ್ನು

ದಾರಿಹೋಕರೇ, ಇನ್ನೊಂದು. ಥೈರಾಯ್ಡ್ ಏರುಪೇರು ಗಂಡಸರ ವೀರ್ಯಾಣುಗಳ ಮೇಲೂ ಪರಿಣಾಮ ಮಾಡುತ್ತೆ. ಮಗು ತಡವಾದಾಗ ಹೆಂಡತಿಯ ವರದಿಯನ್ನೇ ಹಿಡಿದು ಕೂರುವ ಮನೆಗಳು ಬಹಳ. ಹೆಂಗಸಿಗೆ 35 ಒಳಗಿದ್ದು ಒಂದು ವರ್ಷ ಪ್ರಯತ್ನಿಸಿದರೂ ಆಗದಿದ್ದರೆ, 35 ದಾಟಿದ್ದು 6 ತಿಂಗಳಾದರೆ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ಸರಿ ಇಲ್ಲದಿದ್ದರೆ ಅಷ್ಟೂ ಕಾಯಬೇಡಿ.

ಬಿಳಿಪಾರಿವಾಳ

ನನ್ನದು ಬೇರೆ ಕಥೆ. ಪ್ಯಾಪಿಲ್ಲರಿ ಕ್ಯಾನ್ಸರ್ ಅಂತ 25ಕ್ಕೆ ಗ್ರಂಥಿಯನ್ನೇ ತೆಗೆದರು, ಆಮೇಲೆ ವಿಕಿರಣ ಅಯೋಡಿನ್. ಕಾಯಬೇಕಾದಷ್ಟು ಕಾದ್ವಿ. ಮಗಳಿಗೆ ಈಗ ಎರಡು ವರ್ಷ. ಗ್ರಂಥಿಯೇ ಇಲ್ಲದವಳು ನಾನು, ಹಾರ್ಮೋನು ಪೂರ್ತಿ ಮಾತ್ರೆಯಿಂದಲೇ. ಇದನ್ನು ಓದಿ ಯಾರಿಗಾದರೂ ಧೈರ್ಯ ಬಂದರೆ ಸಾಕು.

ಒಂದು ಎಚ್ಚರಿಕೆ ಮಾತ್ರ. ಹೆರಿಗೆ ಆಗಿ ಕೆಲವು ತಿಂಗಳ ಮೇಲೆ ನನ್ನ ತಂಗಿಗೆ (ಅವಳಿಗೆ ಟಿಪಿಓ ಇದೆ) ಮೊದಲು ಎದೆಬಡಿತ, ಆಮೇಲೆ ಒಂದೇ ಅಳು, ಸುಸ್ತು. ಎಲ್ಲರೂ ಬಾಣಂತಿ ಅಂದರೆ ಹಾಗೇ ಅಂದರು. ನೋಡಿದರೆ ಹೆರಿಗೆ ನಂತರದ ಥೈರಾಯ್ಡ್ ಉರಿಯೂತ.

ನೀಲಿಪೆನ್ನು

ಹೌದು, ಟಿಪಿಓ ಇರುವವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಅದು ಬರುತ್ತೆ. ಬಹಳ ಜನರಿಗೆ ತಾನೇ ಹೋಗುತ್ತೆ, ಕೆಲವರಿಗೆ ಮಾತ್ರೆ ಖಾಯಂ ಆಗುತ್ತೆ.

ಹಸಿರೆಲೆ

ನಾನು ಪಥ್ಯದ ಬಗ್ಗೆ ಹೇಳಿದ್ದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಲ್ಲ, ಒಳ್ಳೆಯ ಊಟ ಎಲ್ಲರಿಗೂ ಬೇಕು. ಆದರೆ ಟಿ4 ಕಡಿಮೆ ಇದ್ದರೆ ಬೇರೆ ಅನ್ನೋದು ಒಪ್ಪುತ್ತೇನೆ. ಅಯೋಡಿನ್ ಮಾತ್ರೆ, ಕಡಲಪಾಚಿ ಪುಡಿ ತೆಗೆದುಕೊಂಡರೆ ಹೇಗೆ?

ಔಷಧಿಪೆಟ್ಟಿಗೆ

ಬೇಡ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 250 ಸಾಕು. ಕಡಲಪಾಚಿ ಪುಡಿಯಲ್ಲಿ ಅದರ ಎಷ್ಟೋ ಪಟ್ಟು ಇರಬಹುದು. ಹಶಿಮೊಟೊ ಇರುವವರಿಗೆ ಅತಿ ಅಯೋಡಿನ್ ಗ್ರಂಥಿಯ ಕೆಲಸವನ್ನು ಇನ್ನೂ ಕುಗ್ಗಿಸಬಹುದು.

ಗುಬ್ಬಚ್ಚಿ

ಎಲ್ಲರಿಗೂ ನಮಸ್ಕಾರ, ತಿಂಗಳುಗಳ ಮೇಲೆ ಬರ್ತಿದ್ದೀನಿ. ಕಬ್ಬಿಣ ರಾತ್ರಿಗೆ ಹೋಯಿತು, ಕಾಫಿ ಒಂದು ಗಂಟೆ ಹಿಂದಕ್ಕೆ ಹೋಯಿತು. ಡೋಸ್ ಅದೇ 50. ನಿನ್ನೆ ಟಿಎಸ್‌ಎಚ್ 3.1, ಟಿ4 ಸರಿ. ಮುಟ್ಟು ಐದು ದಿನಕ್ಕೆ ನಿಲ್ಲುತ್ತಿದೆ. ಸ್ಕ್ಯಾನ್ ಇನ್ನೂ ಮತ್ತೆ ಮಾಡಿಸಿಲ್ಲ. ಆದರೆ ಬಸುರಾಗೋಕೆ 2.5 ಒಳಗೆ ಇರಬೇಕು ಅಂತ ಎಲ್ಲೋ ಓದಿದೆ. ಈಗಲೇ ಡೋಸ್ ಏರಿಸಿ ಅಂತ ಕೇಳಲಾ?

ನೀಲಿಪೆನ್ನು

ಬೇಡ. ಈಗ ನಿಮಗೆ 3.1 ಚೆನ್ನಾಗಿದೆ, ಸುಸ್ತೂ ಇಲ್ಲದಿದ್ದರೆ ಹಾಗೇ ಇರಲಿ. ಆ 2.5 ಲೆಕ್ಕ ಮಾತ್ರೆ ತೆಗೆದುಕೊಳ್ಳುವವರು ಮಗುವಿಗೆ ಪ್ರಯತ್ನ ಶುರು ಮಾಡುವ ಹೊತ್ತಿಗೆ. ಅದಕ್ಕೆ ಮೂರು ನಾಲ್ಕು ತಿಂಗಳು ಮುಂಚೆ ಹೋಗಿ ಹೇಳಿದರೆ ಹೊಂದಿಸೋಕೆ ಸಮಯ ಸಿಗುತ್ತೆ. ಅಲ್ಲಿಯವರೆಗೆ 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ಸಾಕು. ನಡುವೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದರೆ ಮಾತ್ರ 6 ವಾರ ಆದ ಮೇಲೆ ಒಂದು ಸಲ ಟಿಎಸ್‌ಎಚ್ ನೋಡಿಸಿ, ಡೋಸ್ ಜಾಸ್ತಿ ಬೇಕಾಗಬಹುದು.

ಗುಬ್ಬಚ್ಚಿ

ಸರಿ ಡಾಕ್ಟರ್. ಲ್ಯಾಬ್‌ರಾಯ ಅವರೇ, ಕೂದಲಿನ ಬಯೋಟಿನ್ ನಾಲ್ಕು ದಿನ ಮುಂಚೆ ನಿಲ್ಲಿಸಿಯೇ ರಕ್ತ ಕೊಟ್ಟದ್ದು, ಈ 3.1 ನಂಬಬಹುದು ತಾನೇ?

ಲ್ಯಾಬ್‌ರಾಯ

ನಂಬಬಹುದು. ಮುಂದಿನ ಸಲವೂ ಅದೇ ಹೊತ್ತಿಗೆ ಬನ್ನಿ.